ಮೊದಲ ಗೇಮಿಂಗ್ ಪಿಸಿ: ಕರಾವಳಿಯವರು ಪ್ಲಗ್ಗಿನಿಂದ ಶುರು ಮಾಡಿ

ಹೋದ ಬೇಸಿಗೆ ರಜೆಯಲ್ಲಿ ಅಕ್ಕನ ಮಗ ಶಿರಸಿಯಿಂದ ಕುಮಟೆಗೆ ಬಂದಿದ್ದ. ಕೈಯಲ್ಲೊಂದು ಚೀಟಿ. ಯಾವ ಗ್ರಾಫಿಕ್ಸ್ ಕಾರ್ಡ್, ಯಾವ ಪ್ರೊಸೆಸರ್, ಬಣ್ಣದ ದೀಪದ ಫ್ಯಾನ್ ಎಷ್ಟು, ಎಲ್ಲ ಬರೆದುಕೊಂಡಿದ್ದ. "ಮಾವ, ಇದ್ರಲ್ಲಿ ಎಂತಾದ್ರೂ ತಪ್ಪಿದ್ದಾ ನೋಡು" ಅಂದ.

ಚೀಟಿಯಲ್ಲಿ ಅಂಥ ತಪ್ಪೇನೂ ಇರಲಿಲ್ಲ. ಆದರೆ ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಪಿಸಿಯ ಭಾಗಗಳಿಗೆ ಬೇಕಾದ ಹಾಗೆ ಬದಲಿಸಿ ಕೊಡುವ ಡಬ್ಬಿ) ಎದುರು 'ಯಾವುದಾದರೂ' ಅಂತಿತ್ತು. ಕರೆಂಟ್ ಹೋದಾಗ ಬ್ಯಾಟರಿಯಿಂದ ನಡೆಸುವ ಯುಪಿಎಸ್ ಹೆಸರೇ ಇಲ್ಲ. ನನ್ನ ಮೊದಲ ಪಿಸಿಗೆ ನಾನೂ ಹೀಗೇ ಚೀಟಿ ಮಾಡಿದ್ದೆ. ಮೇ ತಿಂಗಳ ಒಂದು ಸಂಜೆ ಗುಡುಗು ಶುರುವಾಯಿತು. ಕರೆಂಟ್ ಎರಡು ಸಲ ಹೋಗಿ ಬಂತು. ಮೂರನೇ ಸಲ ಬಂದಾಗ ಕ್ಯಾಬಿನೆಟ್ಟಿನ ಹಿಂದೆ 'ಪಟ್' ಅಂತ ಸದ್ದು, ಜೊತೆಗೆ ಸುಟ್ಟ ವಾಸನೆ. ಅಗ್ಗದ ಎಸ್‌ಎಂಪಿಎಸ್ ತಾನೊಂದೇ ಹೋಗಲಿಲ್ಲ, ಮದರ್‌ಬೋರ್ಡನ್ನೂ ಕರೆದುಕೊಂಡು ಹೋಯಿತು.

ಬೆಂಗಳೂರಿನ ಫ್ಲ್ಯಾಟಿನಲ್ಲಿ ಕೂತವರು ಮಾಡುವ ವಿಡಿಯೋಗಳಲ್ಲಿ ಇದನ್ನು ಯಾರೂ ಜಾಸ್ತಿ ಹೇಳುವುದಿಲ್ಲ. ಅದಕ್ಕೇ ಈ ಲೇಖನ ಗೋಡೆಯ ಪ್ಲಗ್ಗಿನಿಂದ ಶುರುವಾಗುತ್ತದೆ.

ಮೊದಲು ಅರ್ಥಿಂಗ್

ಮನೆಯಲ್ಲಿ ಈಗಾಗಲೇ ಹಳೇ ಕಂಪ್ಯೂಟರ್ ಇದ್ದರೆ ನಿಮಗೆ ಇದು ಗೊತ್ತಿರಬಹುದು. ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ಟಿನ ಕಬ್ಬಿಣ ತಾಗಿದರೆ ಬೆರಳು ಜುಂ ಅನ್ನುತ್ತದೆ. ಎಸ್‌ಎಂಪಿಎಸ್ ಒಳಗೆ ಒಂದು ಫಿಲ್ಟರ್ ಇರುತ್ತದೆ. ಅದರಿಂದ ಸೋರುವ ಚೂರು ಕರೆಂಟ್ ಅರ್ಥ್ ವೈರಿನಲ್ಲಿ ಇಳಿದುಹೋಗಬೇಕು. ಅರ್ಥ್ ಇಲ್ಲದಿದ್ದರೆ ಅದು ಕ್ಯಾಬಿನೆಟ್ಟಿನ ಮೈಮೇಲೆ ಕೂತಿರುತ್ತದೆ. ಜುಂ ಅಂದಿತು ಅಂದರೆ ನಿಮ್ಮ ಮೂರನೇ ಪಿನ್ ಬರೀ ಹೆಸರಿಗೆ ಇದೆ ಅಂತ ಅರ್ಥ. ಹಾಗಂತ ಬೇಕೆಂದೇ ಮುಟ್ಟಿ ಪರೀಕ್ಷೆ ಮಾಡಲು ಹೋಗಬೇಡಿ. ಅದಕ್ಕೆ ಮೀಟರ್ ಇದೆ.

ಪರಿಚಯದ ಎಲೆಕ್ಟ್ರಿಷಿಯನ್ ಕರೆಸಿ, ಮಲ್ಟಿಮೀಟರ್ ಹಿಡಿಸಿ. ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ವೋಲ್ಟ್ ಆಸುಪಾಸು ಬರಬೇಕು. ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಬರಬೇಕು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟ್ ಇದ್ದರೆ ಚೆನ್ನಾಗಿದೆ. ಫೇಸ್ ಮತ್ತು ಅರ್ಥ್ ನಡುವೆ ನೂರೋ ನೂರಿಪ್ಪತ್ತೋ ತೋರಿಸಿ ಓಲಾಡುತ್ತಿದ್ದರೆ ಎಲ್ಲೋ ವೈರ್ ಬಿಟ್ಟಿದೆ, ಇಲ್ಲವೇ ಅರ್ಥ್ ಗುಂಡಿ ಒಣಗಿದೆ. ನಮ್ಮ ಚಿರೇಕಲ್ಲಿನ ನೆಲ ಮಳೆಗಾಲದಲ್ಲಿ ಒದ್ದೆ ಮುದ್ದೆ, ಏಪ್ರಿಲ್‌ಗೆ ಕಲ್ಲಿನ ಹಾಗೆ ಒಣ. ಬೇಸಿಗೆಯಲ್ಲಿ ಗುಂಡಿಗೆ ಆಗಾಗ ಒಂದು ಕೊಡ ನೀರು ಹಾಕುವ ಹಳೇ ಅಭ್ಯಾಸ ಸುಮ್ನೆ ಬಂದದ್ದಲ್ಲ.

15 ಆಂಪಿಯರ್ ಪ್ಲಗ್ ಬೇಕಾ ಅಂತ ಕೆಲವರು ಕೇಳುತ್ತಾರೆ. ಬೇಡ. ಸಾಧಾರಣ ಗೇಮಿಂಗ್ ಪಿಸಿ ಮಾನಿಟರ್ ಸೇರಿಸಿದರೂ 3 ಆಂಪಿಯರ್ ಒಳಗೇ ಎಳೆಯುತ್ತದೆ. 6 ಆಂಪಿಯರ್ ಪ್ಲಗ್ ಸಾಕು, ಅದರಲ್ಲಿ ಅರ್ಥ್ ಇರಬೇಕು ಅಷ್ಟೇ. ಎರಡು ಪಿನ್ನಿನ ಎಕ್ಸ್‌ಟೆನ್ಷನ್ ಬೋರ್ಡ್ ಕಂಡರೆ ಪಕ್ಕಕ್ಕೆ ಎಸೆಯಿರಿ.

ದುಡ್ಡನ್ನು ಹೇಗೆ ಹಂಚಬೇಕು

ಬೆಲೆ ತಿಂಗಳಿಗೊಂದು ಥರ ಇರುತ್ತದೆ. 2025ರ ಕೊನೆಯ ಹೊತ್ತಿಗೆ ರ‍್ಯಾಮ್ ಬೆಲೆ ಏರಿದ ರೀತಿ ನೋಡಿದರೆ ಇಲ್ಲಿ ರೂಪಾಯಿ ಲೆಕ್ಕ ಬರೆದು ಪ್ರಯೋಜನವಿಲ್ಲ. ಪಾಲು ಹೇಳುತ್ತೇನೆ. ಬರೀ ಪಿಸಿಗೆ ಇಟ್ಟ ನೂರು ರೂಪಾಯಿಯಲ್ಲಿ 35ರಿಂದ 40 ಗ್ರಾಫಿಕ್ಸ್ ಕಾರ್ಡಿಗೆ ಹೋಗಲಿ. ಪ್ರೊಸೆಸರಿಗೆ 15ರಿಂದ 20. ಉಳಿದದ್ದರಲ್ಲಿ ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಎಸ್‌ಎಂಪಿಎಸ್, ಕ್ಯಾಬಿನೆಟ್. ಮಾನಿಟರ್ ಮತ್ತು ಯುಪಿಎಸ್ ದುಡ್ಡು ಬೇರೆ ಎತ್ತಿಡಿ. ದುಡ್ಡು ಸಾಲದಿದ್ದರೆ ಬಣ್ಣದ ದೀಪ ಬಿಡಿ, ಗಾಜಿನ ಕ್ಯಾಬಿನೆಟ್ ಬಿಡಿ, ಪ್ರೊಸೆಸರ್ ಒಂದು ಮೆಟ್ಟಿಲು ಇಳಿಸಿ. ಎಸ್‌ಎಂಪಿಎಸ್‌ನಲ್ಲಿ ಮಾತ್ರ ಇಳಿಯಬೇಡಿ.

ಪ್ರೊಸೆಸರ್: ಮೊದಲ ಪಿಸಿಗೆ 6 ಕೋರ್ ಸಾಕು. ಎಎಂಡಿಯ ರೈಝೆನ್ 5 5600, ಇಂಟೆಲ್ ಐ5-12400ಎಫ್ ಎರಡೂ 2022ರವು, ಎರಡಕ್ಕೂ 6 ಕೋರ್, 12 ಥ್ರೆಡ್. ಇಂದಿಗೂ ಆಟಕ್ಕೆ ಸೈ. ಮುಂದೆ ಬರೀ ಪ್ರೊಸೆಸರ್ ಬದಲಿಸುವ ಆಸೆ ಇದ್ದರೆ 2022ರಲ್ಲಿ ಬಂದ ಎಎಂಡಿಯ ಎಎಂ5 ಸಾಕೆಟ್ಟಿನ ಬೋರ್ಡ್ ನೋಡಿ, ಆದರೆ ಅದಕ್ಕೆ ಡಿಡಿಆರ್5 ರ‍್ಯಾಮೇ ಬೇಕು, ಖರ್ಚು ಜಾಸ್ತಿ. ಇಂಟೆಲ್ ಹೆಸರಿನ ಕೊನೆಯಲ್ಲಿ 'ಎಫ್' ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ. ರೈಝೆನ್ 5600ರಲ್ಲೂ ಇಲ್ಲ, 5600ಜಿ ಯಲ್ಲಿ ಇದೆ. ಇದನ್ನು ನೆನಪಿಟ್ಟುಕೊಳ್ಳಿ, ಕೆಳಗೆ ಕೆಲಸಕ್ಕೆ ಬರುತ್ತದೆ.

ಗ್ರಾಫಿಕ್ಸ್ ಕಾರ್ಡ್: 1080ಪಿ ಮಾನಿಟರಿನಲ್ಲಿ ಆಡುವುದಾದರೆ 8 ಜಿಬಿ ಮೆಮೊರಿ ಇರುವ ಕಾರ್ಡ್ ಕನಿಷ್ಠ. ಆರ್‌ಎಕ್ಸ್ 6600, ಆರ್‌ಟಿಎಕ್ಸ್ 4060 ಈ ದರ್ಜೆಯವು. ವ್ಯಾಟ್ ಕೂಡ ನೋಡಿ. ಆರ್‌ಟಿಎಕ್ಸ್ 4060 ಎಳೆಯುವುದು 115 ವ್ಯಾಟ್, ಆರ್‌ಎಕ್ಸ್ 6600 ಎಳೆಯುವುದು 132. ರೈಝೆನ್ 5600ದ್ದು 65 ವ್ಯಾಟ್ ದರ್ಜೆ. ಫ್ಯಾನು, ಎಸ್‌ಎಸ್‌ಡಿ ಎಲ್ಲ ಸೇರಿಸಿದರೂ 300 ದಾಟುವುದಿಲ್ಲ. ಹಾಗಾಗಿ ಒಳ್ಳೆಯ 550 ವ್ಯಾಟ್ ಎಸ್‌ಎಂಪಿಎಸ್ ಸಾಕು. ಡಬ್ಬದ ಮೇಲೆ 80 ಪ್ಲಸ್ ಬ್ರಾಂಝ್ (ಕರೆಂಟ್ ಪೋಲು ಕಡಿಮೆ ಅನ್ನುವ ಗುರುತು) ಅಂತಿರಲಿ, ವಾರಂಟಿ 5 ವರ್ಷ ಇದ್ದರೆ ಇನ್ನೂ ಚಲೋ. ಕ್ಯಾಬಿನೆಟ್ ಜೊತೆ 'ಫ್ರೀ' ಬರುವ 450 ವ್ಯಾಟಿನದನ್ನು ಫ್ರೀ ಕೊಟ್ಟರೂ ಬೇಡ.

ರ‍್ಯಾಮ್ 16 ಜಿಬಿ, ಅದೂ 8 ಜಿಬಿಯ ಎರಡು ಕಡ್ಡಿ. ಒಂದೇ 16ರ ಕಡ್ಡಿ ಹಾಕಿದರೆ ವೇಗ ಕಡಿಮೆ. ಎಸ್‌ಎಸ್‌ಡಿ ಎನ್‌ವಿಎಂಇ, ಅಂದರೆ ಬೋರ್ಡಿಗೇ ನೇರ ಕೂರುವ ವೇಗದ ಥರದ್ದು, 1 ಟಿಬಿ ಇರಲಿ. ಈಗ ಒಂದೊಂದು ಆಟ 100 ಜಿಬಿ ತಿನ್ನುತ್ತದೆ. 500ರದ್ದು ತಂದರೆ ಹಳೇ ಆಟ ಅಳಿಸುತ್ತ ಕೂರಬೇಕು, ಮತ್ತೆ ಇಳಿಸಿಕೊಳ್ಳಲು ನಮ್ಮ ಕಡೆಯ ನೆಟ್ ಗೊತ್ತಲ್ಲ.

ತರುವುದು ಎಲ್ಲಿಂದ

ಶಿರಸಿ, ಯಲ್ಲಾಪುರದವರಿಗೆ ಹುಬ್ಬಳ್ಳಿ. ಕಾರವಾರದವರು ಮಡಗಾಂವ್‌ಗೂ ಹೋಗಿಬರುತ್ತಾರೆ. ಬೆಂಗಳೂರಿಗೆ ಹೋಗುವ ಕೆಲಸ ಇದ್ದರೆ ಎಸ್‌ಪಿ ರೋಡ್. ಉಳಿದದ್ದು ಆನ್‌ಲೈನ್. ಎಲ್ಲಿ ಕೊಂಡರೂ ಜಿಎಸ್‌ಟಿ ಬಿಲ್ ಕೇಳಿ. ಬಿಡಿಭಾಗಕ್ಕೆ ತೆರಿಗೆ 18 ಪರ್ಸೆಂಟ್. "ಬಿಲ್ ಇಲ್ಲದೆ ಕೊಡ್ತೇನೆ, ಕಡಿಮೆ ಆಗ್ತದೆ" ಅಂದರೆ ನಗುತ್ತ ಬೇಡ ಅನ್ನಿ. ನಾಳೆ ವಾರಂಟಿ ಕೇಳಲು ಹೋದಾಗ ಆ ಕಾಗದವೇ ಮಾತಾಡುವುದು.

ಆನ್‌ಲೈನ್ ಪಾರ್ಸೆಲ್ ಬಂದರೆ ಡಬ್ಬದ ಸೀಲ್ ಒಡೆಯುವುದರಿಂದ ಹಿಡಿದು ವಸ್ತು ಹೊರಗೆ ಬರುವ ತನಕ ಒಂದೇ ವಿಡಿಯೋ ಮಾಡಿ. ಮಧ್ಯ ನಿಲ್ಲಿಸಬೇಡಿ. ಗಾಜಿನ ಕ್ಯಾಬಿನೆಟ್ಟನ್ನು ಬಸ್ಸಿನಲ್ಲಿ ತರುವುದಾದರೆ ಗಾಜು ಬಿಚ್ಚಿ ಬಟ್ಟೆ ಸುತ್ತಿ ತೊಡೆಯ ಮೇಲೆ ಇಟ್ಟುಕೊಳ್ಳಿ. ಅರಬೈಲ್ ಘಟ್ಟದ ತಿರುವು ಗಾಜಿಗೆ ಆಗಿಬರುವುದಿಲ್ಲ.

'ಐ7 ಗೇಮಿಂಗ್ ಪಿಸಿ, ಪೂರ್ತಿ ಸೆಟ್' ಅಂತ ಅಗ್ಗಕ್ಕೆ ಸಿಗುವವು ಇವೆಯಲ್ಲ, ಹುಷಾರು. ಎಷ್ಟನೇ ಜನರೇಷನ್ ಅಂತ ಕೇಳಿ. ಐ7-3770 ಕೂಡ ಐ7ನೇ, ಆದರೆ 2012ರದ್ದು. ಅದರಲ್ಲಿ ವಿಂಡೋಸ್ 11 ಸರಿದಾರಿಯಲ್ಲಿ ಹತ್ತುವುದಿಲ್ಲ.

ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ತಗೊಳ್ಳುವುದು ತಪ್ಪಲ್ಲ. ಆದರೆ ಕರಾವಳಿಯಲ್ಲಿ ಓಡಿದ ಕಾರ್ಡಾದರೆ ಹಿಂದಿನ ಕಬ್ಬಿಣದ ಪಟ್ಟಿ ಮತ್ತು ಸ್ಕ್ರೂ ನೋಡಿ. ತುಕ್ಕು ಇದ್ದರೆ, ತಾಮ್ರದ ಹತ್ತಿರ ಹಸಿರು ಕಿಲುಬು ಇದ್ದರೆ ಒಳಗೂ ಉಪ್ಪು ಹೋಗಿದೆ. ಮುಂದೆಯೇ ಅರ್ಧ ಗಂಟೆ ಆಟ ಓಡಿಸಿ ತೋರಿಸಿ ಅನ್ನಿ.

ಜೋಡಿಸುವ ದಿನ

ಬೆಳಿಗ್ಗೆ ತಿಂಡಿ ಆದ ಮೇಲೆ ಕೂತುಕೊಳ್ಳಿ. ಮಧ್ಯಾಹ್ನದ ಸೆಕೆಯಲ್ಲಿ ಹಣೆಯ ಬೆವರು ಬೋರ್ಡಿನ ಮೇಲೆ ತೊಟ್ಟಿಕ್ಕುತ್ತದೆ, ತಮಾಷೆ ಅಲ್ಲ. ಸ್ಟ್ಯಾಟಿಕ್ ಬಗ್ಗೆ ತುಂಬ ಹೆದರಿಸುತ್ತಾರೆ. ಗಾಳಿಯಲ್ಲಿ ತೇವ ಜಾಸ್ತಿ ಇರುವ ಕಡೆ ಅದರ ಕಾಟ ಕಡಿಮೆ. ನಮ್ಮ ಹವೆಯಿಂದ ಕಂಪ್ಯೂಟರಿಗೆ ಆಗುವ ಉಪಕಾರ ಅದೊಂದೇ ಇರಬೇಕು. ಆದರೂ ಬೋರ್ಡ್ ಎತ್ತುವ ಮೊದಲು ಕಿಟಕಿಯ ಸರಳನ್ನೋ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಕಬ್ಬಿಣವನ್ನೋ ಒಮ್ಮೆ ಮುಟ್ಟಿ.

ಬೇಕಾದ ಸಾಮಾನು ಒಂದು ಒಳ್ಳೆಯ ಸ್ಟಾರ್ ಸ್ಕ್ರೂಡ್ರೈವರ್, ಸ್ಕ್ರೂ ಹಾಕಿಡಲು ಸ್ಟೀಲ್ ಬಟ್ಟಲು, ನೆಲಕ್ಕೆ ಹಾಸಲು ಬಿಳಿ ಪಂಚೆ. ಪಂಚೆ ಯಾಕೆ ಅಂದರೆ ಎಸ್‌ಎಸ್‌ಡಿಯ ಸ್ಕ್ರೂ ಸಾಸಿವೆ ಕಾಳಿಗಿಂತ ಚೂರು ದೊಡ್ಡದು. ಅಳಿಯನ ಕೈಯಿಂದ ಅದು ಜಾರಿ ನಮ್ಮನೆ ಕೆಂಪು ನೆಲದ ಮೇಲೆ ಟಣ್ ಅಂದು ಮಂಚದಡಿಗೆ ಹೋಯಿತು. ಹಳೇ ಸ್ಪೀಕರಿನ ಮ್ಯಾಗ್ನೆಟ್ ಹಿಡಿದು ಮುಕ್ಕಾಲು ಗಂಟೆ ಹುಡುಕಿದೆವು. ಸಿಕ್ಕಿತು, ಜೊತೆಗೆ ಆಯಿಯ ಕಳೆದುಹೋದ ಎರಡು ಸೂಜಿಯೂ.

1. ಬೋರ್ಡನ್ನು ಅದರದ್ದೇ ರಟ್ಟಿನ ಡಬ್ಬದ ಮೇಲೆ ಇಡಿ. ಕ್ಯಾಬಿನೆಟ್ಟಿಗೆ ಈಗಲೇ ಹಾಕಬೇಡಿ. ಸಾಕೆಟ್ಟಿನ ಕಡ್ಡಿ ಎತ್ತಿ, ಪ್ರೊಸೆಸರಿನ ಮೂಲೆಯ ತ್ರಿಕೋನ ಗುರುತನ್ನು ಸಾಕೆಟ್ಟಿನ ಗುರುತಿಗೆ ಹೊಂದಿಸಿ, ಸುಮ್ನೆ ಇಟ್ಟು ಬಿಡಿ. ತನ್ನಷ್ಟಕ್ಕೆ ಕೂರಬೇಕು. ಒತ್ತಿದಿರೋ, ಪಿನ್ ಬಗ್ಗಿತು. ರೈಝೆನ್ 5600 ಕೂರುವ ಎಎಂ4 ಸಾಕೆಟ್ಟಿನಲ್ಲಿ ಪಿನ್ ಪ್ರೊಸೆಸರಿನ ಹೊಟ್ಟೆಯಲ್ಲಿ ಇರುತ್ತದೆ, ಎಎಂ5 ಮತ್ತು ಇಂಟೆಲ್‌ನಲ್ಲಿ ಬೋರ್ಡಿನ ಮೇಲೆ.

2. ರ‍್ಯಾಮ್ ಕಡ್ಡಿಗಳನ್ನು ಪ್ರೊಸೆಸರಿನಿಂದ ಎಣಿಸಿ 2ನೇ ಮತ್ತು 4ನೇ ಸ್ಲಾಟಿಗೆ ಹಾಕಿ. ಪ್ರೊಸೆಸರಿಗೆ ಮಾಡಿದ ಮರ್ಯಾದೆ ಇಲ್ಲಿ ಬೇಡ, ಟಕ್ ಅನ್ನುವ ತನಕ ಗಟ್ಟಿಯಾಗಿ ಒತ್ತಿ.

3. ಎಸ್‌ಎಸ್‌ಡಿಯನ್ನು ಓರೆಯಾಗಿ ತೂರಿಸಿ, ಮಲಗಿಸಿ, ಆ ಸಾಸಿವೆ ಸ್ಕ್ರೂ ಹಾಕಿ. ಬೋರ್ಡಿನ ಜೊತೆ ಬಂದ ಲೋಹದ ಮುಚ್ಚಳಕ್ಕೆ ಅಂಟಿದ ಪ್ಲಾಸ್ಟಿಕ್ ಹಾಳೆ ಕಿತ್ತಿರಾ? ಕೀಳದೆ ಹಾಕುವವರು ತುಂಬ ಜನ.

4. ಕೂಲರ್. ರೈಝೆನ್ 5600 ಡಬ್ಬದಲ್ಲೇ ಕೂಲರ್ ಬರುತ್ತದೆ, ಅಡಿಯಲ್ಲಿ ಪೇಸ್ಟ್ ಕೂಡ ಹಚ್ಚಿರುತ್ತದೆ. ಅದನ್ನು ಬೆರಳಲ್ಲಿ ಮುಟ್ಟಬೇಡಿ. ಈ ಕೂಲರ್ ಹಾಕಲು ಬೋರ್ಡಿನ ಮೇಲಿರುವ ಎರಡು ಪ್ಲಾಸ್ಟಿಕ್ ಪಟ್ಟಿ ಬಿಚ್ಚಬೇಕು. ಬಿಚ್ಚುವಾಗ ಬೋರ್ಡಿನ ಹಿಂಬದಿಯ ಲೋಹದ ತಟ್ಟೆ ಕಳಚಿ ಬೀಳುತ್ತದೆ. ಹೆದರಬೇಡಿ, ಅದನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಕೂಲರಿನ ನಾಲ್ಕು ಸ್ಕ್ರೂ ಎದುರುಬದುರು ಮೂಲೆಯಂತೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಫ್ಯಾನಿನ ವೈರ್ ಹೋಗಬೇಕಾದ್ದು ಸಿಪಿಯು ಫ್ಯಾನ್ ಅಂತ ಬರೆದ ಪಿನ್ನಿಗೆ.

5. ಈಗ ಕ್ಯಾಬಿನೆಟ್. ಬೋರ್ಡ್ ಕೂರಿಸುವ ಮುಂಚೆ ಹಿಂಬದಿಯ ತಗಡಿನ ಚೌಕಟ್ಟು, ಅದೇ ಐಒ ಶೀಲ್ಡ್, ಒಳಗಿನಿಂದ ಒತ್ತಿ ಕೂರಿಸಿ. ನಾನು ಮರೆತಿದ್ದೆ. ಎಲ್ಲ ಮುಗಿಸಿ ಕೈ ತೊಳೆದು ಬಂದಾಗ ತಗಡು ಟೇಬಲ್ಲಿನ ಮೇಲೆ ಕೂತು ನನ್ನನ್ನೇ ನೋಡುತ್ತಿತ್ತು. ಬೋರ್ಡಿನ ತೂತು ಇರುವಲ್ಲೆಲ್ಲ ಅಡಿಯಲ್ಲಿ ಹಿತ್ತಾಳೆಯ ಗಿಡ್ಡ ಕಂಬ ಇದೆಯಾ ನೋಡಿ. ತೂತಿಲ್ಲದ ಕಡೆ ಕಂಬ ಇದ್ದರೆ ತೆಗೆಯಿರಿ, ಶಾರ್ಟ್ ಆಗುತ್ತದೆ.

6. ಎಸ್‌ಎಂಪಿಎಸ್ ವೈರುಗಳು. ಬೋರ್ಡಿಗೆ ದೊಡ್ಡ 24 ಪಿನ್. ಪ್ರೊಸೆಸರ್ ಪಕ್ಕ ಮೇಲಿನ ಮೂಲೆಯಲ್ಲಿ 8 ಪಿನ್. ಈ ಎರಡನೆಯದು ಕಣ್ಣಿಗೆ ಬೀಳದ ಜಾಗದಲ್ಲಿ ಇರುತ್ತದೆ, ಅದನ್ನು ಬಿಟ್ಟರೆ ಫ್ಯಾನ್ ತಿರುಗುತ್ತದೆ, ಪರದೆ ಬರುವುದಿಲ್ಲ. ಬಿಚ್ಚಿ ಹಾಕುವ ವೈರಿನ ಎಸ್‌ಎಂಪಿಎಸ್ ಆದರೆ ಬೇರೆ ಎಸ್‌ಎಂಪಿಎಸ್‌ನ ವೈರ್ ತಂದು ಸಿಕ್ಕಿಸಬೇಡಿ. ನೋಡಲು ಒಂದೇ ಥರ ಇದ್ದರೂ ಒಳಗಿನ ಜೋಡಣೆ ಬೇರೆ, ಭಾಗ ಸುಟ್ಟುಹೋಗುತ್ತದೆ.

7. ಪವರ್ ಬಟನ್ನಿನ ಸಣ್ಣ ವೈರುಗಳು ತಾಳ್ಮೆಯ ಕೆಲಸ. ಬೋರ್ಡಿನ ಪುಸ್ತಕ ತೆರೆದು ಚಿತ್ರ ನೋಡಿ ಹಾಕಿ. ಬಟನ್ನಿಗೆ ಪ್ಲಸ್ ಮೈನಸ್ ಇಲ್ಲ, ದೀಪಕ್ಕೆ ಇದೆ. ಆಮೇಲೆ ಗ್ರಾಫಿಕ್ಸ್ ಕಾರ್ಡನ್ನು ಮೇಲಿನ ಉದ್ದ ಸ್ಲಾಟಿಗೆ ಒತ್ತಿ, ಸ್ಕ್ರೂ ಹಾಕಿ, ಅದರ ಪವರ್ ವೈರ್ ಕೊಡಿ.

ಮೊದಲ ಸಲ ಆನ್ ಮಾಡಿದಾಗ

ಅಳಿಯ ಬಟನ್ ಒತ್ತಿದ. ಫ್ಯಾನ್ ತಿರುಗಿತು, ದೀಪ ಬಂತು, ಪರದೆ ಕಪ್ಪು. "ಮಾವ, ಎಂತದೂ ಬರ್ತಿಲ್ಲೆ!" ಮುಖ ನೋಡಬೇಕಿತ್ತು. ಹಿಂದೆ ಬಗ್ಗಿ ನೋಡಿದೆ. ಮಾನಿಟರ್ ವೈರನ್ನು ಬೋರ್ಡಿನ ಎಚ್‌ಡಿಎಂಐಗೆ ಹಾಕಿದ್ದ. ಅವನದು ರೈಝೆನ್ 5600, ಒಳಗೆ ಗ್ರಾಫಿಕ್ಸ್ ಇಲ್ಲ, ಆ ತೂತಿನಲ್ಲಿ ಏನೂ ಬರುವುದಿಲ್ಲ. ವೈರ್ ಕೆಳಗೆ, ಗ್ರಾಫಿಕ್ಸ್ ಕಾರ್ಡಿಗೆ ಹಾಕಿದ ಕೂಡಲೇ ಬಂತು.

ಅದು ಸರಿ ಇದ್ದೂ ಬರದಿದ್ದರೆ ಹೀಗೆ ನೋಡುತ್ತ ಹೋಗಿ. 8 ಪಿನ್ ವೈರ್ ಇದೆಯಾ? ಗ್ರಾಫಿಕ್ಸ್ ಕಾರ್ಡಿನ ಪವರ್ ವೈರ್ ಪೂರ್ತಿ ಕೂತಿದೆಯಾ? ರ‍್ಯಾಮ್ ಒಂದೇ ಕಡ್ಡಿ ಹಾಕಿ ನೋಡಿ. ಬೋರ್ಡಿನ ಅಂಚಿನಲ್ಲಿ ನಾಲ್ಕು ಸಣ್ಣ ದೀಪ ಇದ್ದರೆ ಯಾವುದು ಆರದೆ ಉಳಿದಿದೆ ಗಮನಿಸಿ, ತೊಂದರೆ ಯಾವ ಭಾಗದ್ದು ಅಂತ ಅದೇ ಹೇಳುತ್ತದೆ. ಡಿಡಿಆರ್5 ಬೋರ್ಡಾದರೆ ಮೊದಲ ಸಲ ಕೆಲವು ನಿಮಿಷ ಪರದೆ ಕಪ್ಪಾಗಿಯೇ ಇರಬಹುದು, ಅದು ರ‍್ಯಾಮನ್ನು ಪರಿಚಯ ಮಾಡಿಕೊಳ್ಳುತ್ತಿರುತ್ತದೆ. ಆ ಹೊತ್ತಿನಲ್ಲಿ ಸ್ವಿಚ್ ಆರಿಸಬೇಡಿ, ಒಂದು ಚಾ ಕುಡಿದು ಬನ್ನಿ. ಹಳೇ ಬಿ450 ಬೋರ್ಡಿಗೆ ಹೊಸ ಪ್ರೊಸೆಸರ್ ಹಾಕಿದ್ದರೆ ಬೋರ್ಡಿನ ಒಳಗಿನ ಮೂಲ ಪ್ರೋಗ್ರಾಂ, ಅದೇ ಬಯೋಸ್, ಹಳೆಯದಿರಬಹುದು. ಇದನ್ನು ಅಂಗಡಿಯಲ್ಲೇ ಅಪ್‌ಡೇಟ್ ಮಾಡಿಸಿಕೊಂಡು ಬರುವುದು ಉತ್ತಮ.

ಪರದೆ ಬಂತಲ್ಲ, ಇನ್ನು ವಿಂಡೋಸ್. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಮಾಮೂಲು ಬೆಂಬಲ ನಿಲ್ಲಿಸಿತು, ಹಾಗಾಗಿ 11ನ್ನೇ ಹಾಕಿ. ಸ್ನೇಹಿತರ ಕಂಪ್ಯೂಟರಿನಲ್ಲಿ 8 ಜಿಬಿ ಪೆನ್‌ಡ್ರೈವಿಗೆ ಮೈಕ್ರೋಸಾಫ್ಟಿನ ಸೈಟಿನಿಂದಲೇ ಇಳಿಸಿಕೊಳ್ಳಿ. ಬಯೋಸಿನಲ್ಲಿ ಟಿಪಿಎಂ ಮತ್ತು ಸೆಕ್ಯೂರ್ ಬೂಟ್ ಅನ್ನುವ ಎರಡು ಸುರಕ್ಷತೆಯ ಸೆಟ್ಟಿಂಗ್ ಆನ್ ಇರಲಿ. ವಿಂಡೋಸ್ 11ರಲ್ಲಿ ವ್ಯಾಲರೆಂಟ್ ಅನ್ನುವ ಆಟ ಈ ಎರಡೂ ಇಲ್ಲದೆ ಓಡುವುದಿಲ್ಲ. ಅಲ್ಲೇ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಅನ್ನುವುದನ್ನು ಆನ್ ಮಾಡಿ, ಇಲ್ಲದಿದ್ದರೆ 3200ರ ವೇಗದ ರ‍್ಯಾಮ್ ಕೊಂಡೂ ಕಡಿಮೆ ವೇಗದಲ್ಲೇ ಓಡಿಸುತ್ತೀರಿ. ಗ್ರಾಫಿಕ್ಸ್ ಡ್ರೈವರ್ ಹಾಕಿದ ಮೇಲೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ಗೆ ಹೋಗಿ, ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ ಮಾನಿಟರ್ ಆದರೆ ಅದು 144 ಹರ್ಟ್ಝ್‌ಗೆ ಇದೆಯಾ ನೋಡಿ. ದುಡ್ಡು ಕೊಟ್ಟು 144 ತಂದು ವರ್ಷಗಟ್ಟಲೆ 60ರಲ್ಲೇ ಆಡಿದವರು ನನಗೆ ಗೊತ್ತು.

ಯುಪಿಎಸ್, ಸಿಡಿಲು

ಯುಪಿಎಸ್ ಇರುವುದು ಕರೆಂಟ್ ಹೋದಾಗ ಆಟ ಮುಂದುವರಿಸಲು ಅಲ್ಲ. ಸೇವ್ ಮಾಡಿ ಆರಿಸಲು ಐದು ನಿಮಿಷ ಸಿಗಲಿ ಅಂತ. 600 ವಿಎ ಅಂತ ಬರೆದದ್ದು ಕೊಡುವುದು ಸುಮಾರು 360 ವ್ಯಾಟ್. ಆಟ ಜೋರಾಗಿ ಓಡುವಾಗ ಮಾನಿಟರ್ ಸೇರಿ ಅದು ಇಕ್ಕಟ್ಟು. 1000 ವಿಎ ತಗೊಳ್ಳಿ. ಗೋಡೆಯ ಕರೆಂಟಿನ ಹಾಗೆ ನಯವಾದ ಅಲೆ ಕೊಡುವ ಸೈನ್ ವೇವ್ ಯುಪಿಎಸ್ ಆದರೆ ಒಳ್ಳೆಯದು, ಕೆಲವು ಎಸ್‌ಎಂಪಿಎಸ್ ಅಗ್ಗದ ಯುಪಿಎಸ್‌ಗೆ ಹೊಂದಿಕೊಳ್ಳದೆ ಕರೆಂಟ್ ಹೋದ ಕೂಡಲೇ ಆರಿಬಿಡುತ್ತವೆ. ಮನೆಯ ಸ್ಕ್ವೇರ್ ವೇವ್ ಇನ್ವರ್ಟರಿಗೆ ಗೇಮಿಂಗ್ ಪಿಸಿ ಹಾಕಬೇಡಿ.

ಸಿಡಿಲಿಗೆ ಯುಪಿಎಸ್ಸೂ ಇಲ್ಲ, ಸ್ಪೈಕ್ ಬಸ್ಟರೂ ಇಲ್ಲ. ಪ್ಲಗ್ ಕಿತ್ತಿಡುವುದೊಂದೇ ದಾರಿ. ಏಪ್ರಿಲ್, ಮೇ ಸಂಜೆಗಳಲ್ಲಿ ಮತ್ತು ಅಕ್ಟೋಬರಿನಲ್ಲಿ ಘಟ್ಟದ ಕಡೆ ಮೋಡ ಕಪ್ಪಾದರೆ ಗುಡುಗು ಹತ್ತಿರ ಬರುವ ಮೊದಲೇ ಕಿತ್ತುಬಿಡಿ. ಲ್ಯಾನ್ ವೈರನ್ನು ಮರೆಯಬೇಡಿ. ಫೈಬರ್ ನೆಟ್ ಇದ್ದರೆ ಗಾಜಿನ ಎಳೆಯಲ್ಲಿ ಸಿಡಿಲು ಹರಿಯುವುದಿಲ್ಲ, ನಿಜ. ಆದರೆ ರೌಟರಿನ ಅಡಾಪ್ಟರ್ ಗೋಡೆಯ ಪ್ಲಗ್ಗಿನಲ್ಲೇ ಇದೆಯಲ್ವಾ? ಅಲ್ಲಿಂದ ಲ್ಯಾನ್ ವೈರ್ ಹಿಡಿದು ಬೋರ್ಡಿಗೆ ಬರುತ್ತದೆ.

ಉಪ್ಪು ಗಾಳಿ, ಮಳೆಗಾಲ

ನಿಮ್ಮ ಕಿಟಕಿಯ ಬಿಜಾಗರಿ ನೋಡಿ. ಎರಡು ವರ್ಷದಲ್ಲಿ ತುಕ್ಕು ಹಿಡಿದಿದ್ದರೆ ಪಿಸಿಗೂ ಅದೇ ಗಾಳಿ. ಕಾರವಾರದಲ್ಲಿ, ಅಂಕೋಲೆಯಲ್ಲಿ ಕಡಲಿಗೆ ಮುಖ ಮಾಡಿದ ಕೋಣೆಯಿದ್ದರೆ ಪಿಸಿಯನ್ನು ಕಿಟಕಿಯಿಂದ ಆದಷ್ಟು ದೂರ, ಒಳಗಿನ ಗೋಡೆಗೆ ಇಡಿ. ಶಿರಸಿಯಲ್ಲಿ ಉಪ್ಪಿಲ್ಲ, ಆದರೆ ಆಷಾಢದಲ್ಲಿ ಬಟ್ಟೆಗೆ ಬೂಸಲು ಬರುವ ಮನೆಯಲ್ಲಿ ಬೋರ್ಡಿಗೂ ತೇವ ಹಿಡಿಯುತ್ತದೆ.

ಮಳೆಗಾಲದಲ್ಲಿ ಪಿಸಿಯನ್ನು ವಾರಗಟ್ಟಲೆ ಸುಮ್ಮನೆ ಇಡಬೇಡಿ. ದಿನಕ್ಕೆ ಅರ್ಧ ಗಂಟೆ ಓಡಿಸಿದರೂ ಸಾಕು, ಒಳಗಿನ ಬಿಸಿಗೆ ತೇವ ಆರುತ್ತದೆ. ಪ್ಲಾಸ್ಟಿಕ್ ಹೊದಿಕೆ ಹಾಕಿದರೆ ತೇವ ಒಳಗೇ ಉಳಿಯುತ್ತದೆ, ತೆಳು ಹತ್ತಿ ಬಟ್ಟೆ ಸಾಕು, ಅದೂ ಆರಿಸಿದ ಮೇಲೆ. ನೆಲದ ಮೇಲೆ ಇಡದೆ ಒಂದು ಮಣೆಯ ಮೇಲಾದರೂ ಇಡಿ.

ಇನ್ನೊಂದು, ಹಲ್ಲಿ. ಕ್ಯಾಬಿನೆಟ್ಟಿನ ಹಿಂಬದಿಯಲ್ಲಿ ಗ್ರಾಫಿಕ್ಸ್ ಕಾರ್ಡಿಗಾಗಿ ತೆಗೆದ ತಗಡಿನ ಪಟ್ಟಿಗಳು ಇರುತ್ತವಲ್ಲ, ಬೇಡದ ತೂತಿಗೆ ಅವನ್ನು ವಾಪಸ್ ಹಾಕಿ. ನಾನು ಹಾಕಿರಲಿಲ್ಲ. ಅಕ್ಟೋಬರಿನಲ್ಲಿ ಧೂಳು ತೆಗೆಯಲು ಬಾಗಿಲು ಬಿಚ್ಚಿದರೆ ಎಸ್‌ಎಂಪಿಎಸ್ ಮೇಲೆ, ಬೆಚ್ಚಗಿನ ಜಾಗ ನೋಡಿಕೊಂಡು, ಎರಡು ಬಿಳಿ ಮೊಟ್ಟೆ.